ಮಹಡಿ ಮನೆಗೆ ಬಂದ ಪಾಸ್‌ಪೋರ್ಟ್

ದೊಡ್ಡಬಳ್ಳಾಪುರದಲ್ಲಿ ಮಹಡಿ ಮೇಲೊಂದು ಮನೆ ಎಬ್ಬಿಸಿ ಬಾಡಿಗೆಗೆ ಕೊಡುವುದು ಹಳೆಯ ರೂಢಿ. ಕೆಳಗೆ ಮಗ್ಗದ ಸದ್ದು, ಮೇಲೆ ಬಾಡಿಗೆದಾರರು. ಮೊದಲೆಲ್ಲ ಬರುತ್ತಿದ್ದವರು ಮೇಷ್ಟ್ರು, ಬ್ಯಾಂಕಿನವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು. ಈಚೆಗೆ ಬ್ರೋಕರ್ ಫೋನು ಬೇರೆ ಥರ ಬರುತ್ತದೆ. “ಅಣ್ಣ, ಇಬ್ಬರು ಫಾರಿನ್‌ನವರು. ಬಾಡಿಗೆ ಕಂಪನಿನೇ ಕಟ್ಟುತ್ತೆ. ಅಡ್ವಾನ್ಸ್ ಹತ್ತು ತಿಂಗಳದ್ದು ಕೇಳಿದ್ರೂ ಕೊಡ್ತಾರೆ. ನಾನ್‌ವೆಜ್ ಮಾಡ್ಕೋತಾರೆ, ಅಷ್ಟೇ.” ಮನೆಯಲ್ಲಿ ನಾನ್‌ವೆಜ್ ಬಗ್ಗೆ ಅರ್ಧ ಗಂಟೆ ಚರ್ಚೆಯಾಗುತ್ತದೆ. ವೀಸಾ ಬಗ್ಗೆ ಒಂದು ಮಾತೂ ಬರುವುದಿಲ್ಲ. ಅದು ಅವರ ತಲೆನೋವು, ನಮಗೇನು ಎಂಬ ಭಾವನೆ.

ಅದು ತಪ್ಪು. ವಿದೇಶಿಯೊಬ್ಬರಿಗೆ ಮನೆ, ಕೋಣೆ, ಪಿ.ಜಿ.ಯಲ್ಲೊಂದು ಮಂಚ, ಏನೇ ಕೊಟ್ಟರೂ ಅವರು ಬಂದ 24 ಗಂಟೆಯೊಳಗೆ ಆ ವಿವರವನ್ನು ಆನ್‌ಲೈನಿನಲ್ಲಿ ದಾಖಲಿಸಬೇಕಾದವರು ಮನೆ ಕೊಟ್ಟವರು. ಹೋಟೆಲಿನವರ ಬಾಯಲ್ಲಿ ಅದು ‘ಸಿ ಫಾರ್ಮ್’. ಹೊಸ ನಿಯಮಗಳಲ್ಲಿ ನಮೂನೆಯ ಹೆಸರು ಬದಲಾದರೂ ಜನ ಈಗಲೂ ಹಾಗೇ ಕರೆಯುತ್ತಾರೆ. ತಾರಾ ಹೋಟೆಲಿಗೆ ಇರುವ ಕರ್ತವ್ಯವೇ ಮಹಡಿ ಮನೆಯ ಮಾಲೀಕರಿಗೂ ಇದೆ. ಮೊದಲು ವಿದೇಶಿಯರ ನೋಂದಣಿ ಕಚೇರಿಯ ಜಾಲತಾಣದಲ್ಲಿ ಮನೆಯ ದಾಖಲೆ ಕೊಟ್ಟು ಲಾಗಿನ್ ಪಡೆಯಬೇಕು, ಆಮೇಲೆ ಬಂದವರ ಪಾಸ್‌ಪೋರ್ಟ್, ವೀಸಾ, ಬಂದಿಳಿದ ದಿನ ಎಲ್ಲವನ್ನೂ ತುಂಬಬೇಕು. ಹಣ ಕಟ್ಟುವ ಗೋಜಿಲ್ಲ. ಮಾಡದೆ ಬಿಟ್ಟರೆ ಮಾತ್ರ ಕಾನೂನಿನ ಕೈ ಮೊದಲು ತಟ್ಟುವುದು ನಮ್ಮ ಬಾಗಿಲನ್ನೇ.

ಇದೆಲ್ಲ ನಮ್ಮೂರಿಗೆ ಯಾಕೆ ಬಂತು ಎಂದು ಕೇಳಬೇಕಾಗಿಲ್ಲ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೂ ಹತ್ತು ವರ್ಷ ಮೊದಲೇ ಹೊಸಕೋಟೆಯಲ್ಲಿ ಸ್ವೀಡನ್ನಿನ ವೋಲ್ವೊ ಲಾರಿ ಕಾರ್ಖಾನೆ ಬಂದಿತ್ತು. ಆದರೆ ಅಲ್ಲಿಗೆ ಬಂದ ಸಾಹೇಬರು ವೈಟ್‌ಫೀಲ್ಡ್ ಕಡೆ ಮನೆ ಹಿಡಿದರೇ ಹೊರತು ಹೊಸಕೋಟೆಯ ಬೀದಿಗೆ ಬರಲಿಲ್ಲ. ಈಗ ಹಾಗಲ್ಲ. ದೇವನಹಳ್ಳಿ ತಾಲ್ಲೂಕಿನ ದೊಡ್ಡಗೊಲ್ಲಹಳ್ಳಿ, ಚಪ್ಪರದಹಳ್ಳಿಯ 300 ಎಕರೆಯಲ್ಲಿ ತೈವಾನಿನ ಫಾಕ್ಸ್‌ಕಾನ್ ಎದ್ದಿದೆ, 2025ರಲ್ಲಿ ಅಲ್ಲಿ ಐಫೋನ್ ತಯಾರಿಕೆಯೂ ಶುರುವಾಗಿದೆ. ಯಂತ್ರ ಕೂರಿಸಲು ಬಂದವರು, ಅದನ್ನು ಕಲಿಸಲು ಬಂದವರು, ಅವರಿಗೆ ಅಡುಗೆ ಮಾಡಲು ಬಂದವರು, ಮಾತು ತರ್ಜುಮೆ ಮಾಡಲು ಬಂದವರು, ಎಲ್ಲರಿಗೂ ಕೆಲಸದ ಹತ್ತಿರವೇ ಒಂದು ಮನೆ ಬೇಕು.

ಇವರಲ್ಲಿ ಯಾರ ಕೈಯಲ್ಲಿ ಯಾವ ವೀಸಾ ಇದೆ ಎಂಬುದು ಮುಖ್ಯ. ಇಲ್ಲಿಯ ಕಂಪನಿಯ ಸಂಬಳಕ್ಕೆ ಬಂದವರಿಗೆ ಉದ್ಯೋಗ ವೀಸಾ. ಅದು ಸುಮ್ಮನೆ ಸಿಗುವುದಿಲ್ಲ. ಇಲ್ಲಿಯವರೇ ಮಾಡಬಹುದಾದ ಮಾಮೂಲಿ ಕೆಲಸಕ್ಕೆ ಕೊಡುವುದಿಲ್ಲ, ವರ್ಷದ ಸಂಬಳವೂ 16.25 ಲಕ್ಷ ರೂಪಾಯಿ ದಾಟಿರಬೇಕು. ಈ ಮಿತಿಯಿಂದ ವಿನಾಯಿತಿ ಪಡೆದವರ ಪಟ್ಟಿ ನೋಡಿದರೆ ನಗು ಬರುತ್ತದೆ: ತಮ್ಮ ದೇಶದ ಅಡುಗೆ ಮಾಡುವ ಬಾಣಸಿಗರು, ದುಭಾಷಿಗಳು, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರು. ಮ್ಯಾನೇಜರ್ ಸಿಕ್ಕಾನು, ಕೊರಿಯಾದ ಸಾರು ಕುದಿಸುವವನು ಇಲ್ಲಿ ಸಿಗಲಾರ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ವ್ಯಾಪಾರದ ಮಾತುಕತೆಗೆ ಬಂದು ಹೋಗುವವರಿಗೆ ಬಿಸಿನೆಸ್ ವೀಸಾ, ಅದರಲ್ಲಿ ಇಲ್ಲಿಯ ಸಂಬಳ ಪಡೆಯುವ ಹಾಗಿಲ್ಲ. ನಾಗದೇನಹಳ್ಳಿಯ ಗೀತಂ ವಿಶ್ವವಿದ್ಯಾಲಯದಂಥ ಕಡೆ ಓದಲು ಬರುವವರದು ವಿದ್ಯಾರ್ಥಿ ವೀಸಾ. ಸಂಜೆ ಹೊತ್ತು ಎಲ್ಲಾದರೂ ಕೆಲಸ ಮಾಡಿ ನಾಲ್ಕು ಕಾಸು ಮಾಡಿಕೊಳ್ಳುತ್ತೇನೆ ಎಂದರೆ ಆಗದು, ಕಾಲೇಜು ಬದಲಾಯಿಸಬೇಕಾದರೂ ಅನುಮತಿ ಬೇಕು. ಉದ್ಯೋಗಿಯ ಜೊತೆ ಬಂದ ಹೆಂಡತಿ ಅಥವಾ ಗಂಡ ಇಲ್ಲಿ ದುಡಿಯುವಂತಿಲ್ಲ.

ಇಷ್ಟು ತಿಳಿದವರೂ ಮುಗ್ಗರಿಸುವುದು ಒಂದೇ ಜಾಗದಲ್ಲಿ. ವೀಸಾ ಎಷ್ಟು ದಿನ ಚಾಲ್ತಿಯಲ್ಲಿದೆ ಎಂಬುದೇ ಬೇರೆ, ಒಮ್ಮೆ ಬಂದರೆ ಎಷ್ಟು ದಿನ ಇರಬಹುದು ಎಂಬುದೇ ಬೇರೆ. ಅಮೆರಿಕದ ಪ್ರಜೆಯ ಬಳಿ ಭಾರತದ ಹತ್ತು ವರ್ಷದ ಪ್ರವಾಸಿ ವೀಸಾ ಇರಬಹುದು. ಆದರೆ ಒಂದು ಸಲ ಬಂದವರು 180 ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರವಾಸಿ ಇ-ವೀಸಾದಲ್ಲಿ ಬಂದ ಬಹುಪಾಲು ದೇಶದವರಿಗೆ ಅದು 90 ದಿನವಷ್ಟೇ. ಅಮೆರಿಕ, ಬ್ರಿಟನ್, ಕೆನಡಾ, ಜಪಾನಿನವರಿಗೆ ಮಾತ್ರ 180.

ಇದನ್ನು ನಮ್ಮವರಿಗೆ ವಿವರಿಸುವುದು ಕಷ್ಟವಲ್ಲ. ಏಕೆಂದರೆ ನಮ್ಮ ಅಮ್ಮಂದಿರು ಈ ಪಾಠವನ್ನು ಆಚೆ ಕಡೆಯಿಂದ ಕಲಿತಿದ್ದಾರೆ. ಮಗಳ ಬಾಣಂತನಕ್ಕೆಂದು ಮೆಂತ್ಯದ ಪುಡಿ, ಅಂಟಿನುಂಡೆ ಕಟ್ಟಿಕೊಂಡು ಡಲ್ಲಾಸಿಗೋ ಸಿಯಾಟಲಿಗೋ ಹೊರಟ ತಾಯಿಯ ಪಾಸ್‌ಪೋರ್ಟಿನಲ್ಲೂ ಹತ್ತು ವರ್ಷದ ವೀಸಾ ಅಂಟಿಸಿರುತ್ತದೆ. ಆದರೆ ಆಕೆ ಎಷ್ಟು ದಿನ ಇರಬಹುದೆಂದು ಹೇಳುವುದು ಆ ವೀಸಾ ಅಲ್ಲ. ಅಲ್ಲಿ ಇಳಿದಾಗ ವಲಸೆ ಅಧಿಕಾರಿ ದಾಖಲಿಸುವ ಐ-94 ಎಂಬ ಲೆಕ್ಕ. ಸಾಮಾನ್ಯವಾಗಿ ಆರು ತಿಂಗಳು. ಮೊಮ್ಮಗು ಅಂಬೆಗಾಲಿಡುವ ಹೊತ್ತಿಗೆ ಅಜ್ಜಿಯ ಅವಧಿ ಮುಗಿದಿರುತ್ತದೆ. ಆಗ ಬೀಗಿತ್ತಿಗೆ ಕರೆ ಹೋಗುತ್ತದೆ, ಉಳಿದ ಆರು ತಿಂಗಳು ಅವರ ಸರದಿ. ಕೆನಡಾ ಇದಕ್ಕಿಂತ ಉದಾರಿ: ಮಕ್ಕಳು ಅಲ್ಲಿಯ ಪ್ರಜೆಗಳೋ ಕಾಯಂ ನಿವಾಸಿಗಳೋ ಆಗಿದ್ದರೆ ತಂದೆತಾಯಿಗೆ ‘ಸೂಪರ್ ವೀಸಾ’ ಕೊಡುತ್ತದೆ, 2022ರಿಂದ ಅದರಲ್ಲಿ ಒಮ್ಮೆ ಹೋದವರು ಐದು ವರ್ಷದವರೆಗೂ ಇರಬಹುದು. ಮಗ ಅಲ್ಲಿಯ ಆದಾಯ ತೋರಿಸಬೇಕು, ಅಪ್ಪ ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಬೇಕು.

ಹಾಗಾದರೆ ನಮ್ಮ ಮಹಡಿ ಮನೆಯ ಬಾಡಿಗೆದಾರರ ದಿನ ಎಣಿಸುವುದು ಹೇಗೆ? 180 ದಿನಕ್ಕಿಂತ ದೀರ್ಘ ಅವಧಿಯ ಉದ್ಯೋಗ, ವಿದ್ಯಾರ್ಥಿ, ಸಂಶೋಧನೆ, ಪ್ರವೇಶ ವೀಸಾದವರು ಭಾರತಕ್ಕೆ ಬಂದ 14 ದಿನದೊಳಗೆ ನೋಂದಣಿ ಮಾಡಿಸಬೇಕು. ಹನ್ನೆರಡು ತುಂಬದ ಮಕ್ಕಳಿಗೆ ವಿನಾಯಿತಿ ಇದೆ. ಬೆಂಗಳೂರಿನಲ್ಲಿ ಇದರ ಕಚೇರಿ ಎಫ್‌ಆರ್‌ಆರ್‌ಓ, ಶಾಂತಿನಗರದ ಬಸ್ ನಿಲ್ದಾಣದ ಕಟ್ಟಡದಲ್ಲಿದೆ. ಬಿಎಂಟಿಸಿ ಬಸ್ಸಿಗೆ ಕಾಯುವವರ ನೆತ್ತಿಯ ಮೇಲೆ ಪ್ರಪಂಚದ ಪಾಸ್‌ಪೋರ್ಟುಗಳೆಲ್ಲ ಸೇರುವ ಜಾಗ ಅದು. ಒಂದು ಕಾಲಕ್ಕೆ ಬೆಳಿಗ್ಗೆಯೇ ಹೋಗಿ ಟೋಕನ್ ಹಿಡಿಯಬೇಕಿತ್ತು. 2018ರಲ್ಲಿ ಇ-ಎಫ್‌ಆರ್‌ಆರ್‌ಓ ಬಂದ ಮೇಲೆ ಅರ್ಜಿ, ಶುಲ್ಕ, ಉತ್ತರ ಎಲ್ಲವೂ ಆನ್‌ಲೈನಿನಲ್ಲಿ ನಡೆಯುತ್ತವೆ. ಕರೆದರೆ ಮಾತ್ರ ಹೋಗಬೇಕು. ಬೇರೆ ಜಿಲ್ಲೆಗಳಲ್ಲಿ ಸಾಮಾನ್ಯವಾಗಿ ಪೊಲೀಸ್ ವರಿಷ್ಠಾಧಿಕಾರಿಯೇ ವಿದೇಶಿಯರ ನೋಂದಣಿ ಅಧಿಕಾರಿ.

ಆನ್‌ಲೈನ್ ಅಂದಕೂಡಲೇ ಸಲೀಸು ಅಂದುಕೊಳ್ಳಬೇಡಿ. ಅರ್ಜಿಯ ಜೊತೆ ವಿಳಾಸದ ಪುರಾವೆ ಬೇಕು: ಬಾಡಿಗೆ ಕರಾರು, ವಿದ್ಯುತ್ ಬಿಲ್, ಮಾಲೀಕರ ಗುರುತಿನ ಚೀಟಿ. ನಮ್ಮ ಕಡೆಯ ಕಥೆ ಇಲ್ಲಿ ಶುರುವಾಗುತ್ತದೆ. ಕರೆಂಟು ಬಿಲ್ಲು ತೀರಿಹೋದ ತಾತನ ಹೆಸರಿನಲ್ಲಿ, ಖಾತೆ ಚಿಕ್ಕಪ್ಪನ ಹೆಸರಿನಲ್ಲಿ, ಕರಾರಿಗೆ ಸಹಿ ಹಾಕಿದವನು ಮೊಮ್ಮಗ. ಊರಿನ ಹೆಸರು ಒಂದು ಕಾಗದದಲ್ಲಿ ‘ದೊಡ್ಡಬಳ್ಳಾಪುರ’, ಇನ್ನೊಂದರಲ್ಲಿ ‘ದೊಡ್ಬಳ್ಳಾಪುರ್’. ಜಿಲ್ಲೆಯ ಹೆಸರನ್ನು ಬೆಂಗಳೂರು ಉತ್ತರ ಎಂದು ಬದಲಿಸಲು 2025ರ ಜುಲೈನಲ್ಲಿ ನಂದಿ ಬೆಟ್ಟದಲ್ಲಿ ಸೇರಿದ ಸಂಪುಟ ಸಭೆ ಬೇರೆ ತೀರ್ಮಾನಿಸಿದೆ. ಊರಿನವರೆಲ್ಲ ಬಲ್ಲ ಮನೆ ಅದು. ಕಂಪ್ಯೂಟರಿಗೆ ಮಾತ್ರ ಗೊತ್ತಿಲ್ಲ. ಸಾವಿರಾರು ಮೈಲಿ ದೂರದಿಂದ ಬಂದ ಇಂಜಿನಿಯರ್‌ನ ಕಾಗದವೆಲ್ಲ ಸರಿಯಿದ್ದು, ನಮ್ಮ ತಾತ ಹೆಸರು ಬದಲಾಯಿಸದೆ ಹೋದದ್ದಕ್ಕೆ ಅವನ ಅರ್ಜಿ ವಾಪಸು ಬರುತ್ತದೆ. ಮನೆ ಬಾಡಿಗೆಗೆ ಬಿಡುವ ಮೊದಲು ಖಾತೆ ಮತ್ತು ಬಿಲ್ಲನ್ನು ಒಂದೇ ಹೆಸರಿಗೆ ತಂದುಕೊಳ್ಳಿ ಎಂದು ಹೇಳಲು ವೀಸಾ ತಜ್ಞನೇ ಬೇಕಿಲ್ಲ.

ಆಮೇಲೂ ಸುಮ್ಮನಿರುವಂತಿಲ್ಲ. ವಿಳಾಸ ಬದಲಾದರೆ ತಿಳಿಸಬೇಕು, ವೀಸಾ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಇಲ್ಲೇ ಮಗು ಹುಟ್ಟಿದರೆ ಅದಕ್ಕೂ ಪಾಸ್‌ಪೋರ್ಟ್, ವೀಸಾ ಆಗಬೇಕು. ತಂದೆತಾಯಿ ಇಬ್ಬರೂ ವಿದೇಶಿಯರಾದರೆ ಇಲ್ಲಿ ಹುಟ್ಟಿದ ಮಾತ್ರಕ್ಕೆ ಮಗು ಭಾರತೀಯನಾಗುವುದಿಲ್ಲ. ಈ ದೇಶದೊಳಕ್ಕೆ ಎಂದೂ ಕಾಲಿಟ್ಟು ಬರದ ಶಿಶು ದೇಶ ಬಿಡಲು ಅನುಮತಿ ಕೇಳಬೇಕಾದ ವಿಚಿತ್ರ ಇದು.

ಈ ವೀಸಾ ನಿಯಮಗಳಿಗೆ ಹೊರತಾದ ವಿದೇಶಿಯೊಬ್ಬರು ನಮ್ಮ ಸುತ್ತ ದಿನವೂ ಕಾಣುತ್ತಾರೆ, ನಾವು ಅವರನ್ನು ವಿದೇಶಿಯೆಂದು ಎಣಿಸುವುದೇ ಇಲ್ಲ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕೂತ, ರಸ್ತೆ ಬದಿ ಮೊಮೊ ಬೇಯಿಸುವ ನೇಪಾಳದವರು. 1950ರ ಭಾರತ-ನೇಪಾಳ ಒಪ್ಪಂದದ ಫಲವಾಗಿ ಅವರಿಗೆ ವೀಸಾ ಬೇಡ, ಇಲ್ಲಿ ದುಡಿಯಲು ಅಡ್ಡಿಯಿಲ್ಲ. ಭೂತಾನಿನವರಿಗೂ ವೀಸಾ ಬೇಕಿಲ್ಲ. ಇನ್ನು ರಾಜ್ಯದಲ್ಲಿ ಅತಿ ದೀರ್ಘಕಾಲ ನೆಲೆಸಿದ ವಿದೇಶಿಯರು ಬೈಲಕುಪ್ಪೆಯ ಟಿಬೆಟನ್ನರು. 1960ರಿಂದ ಅಲ್ಲಿದ್ದಾರೆ, ಮೂರನೆಯ ತಲೆಮಾರು ಕನ್ನಡ ಮಾತಾಡುತ್ತದೆ, ಆದರೂ ಅವರಲ್ಲಿ ಬಹಳ ಜನ ಈಗಲೂ ವಿದೇಶಿಯರ ನೋಂದಣಿ ಪುಸ್ತಕವನ್ನು ನವೀಕರಿಸುತ್ತಲೇ ಇರಬೇಕು. ದೇವನಹಳ್ಳಿಯಲ್ಲಿ ಇಳಿದ ವಿದೇಶಿ ಪ್ರವಾಸಿ ಬೈಲಕುಪ್ಪೆಯ ಮಠದಲ್ಲಿ ತಂಗಬೇಕಾದರೆ ಬೇರೆಯೇ ಒಂದು ಪರವಾನಗಿ ಬೇಕು. ಅತಿಥಿ ಗೃಹದವರು ಬಾಗಿಲಲ್ಲೇ ಅದನ್ನು ಕೇಳಿದಾಗ ಎಷ್ಟೋ ಮಂದಿ ಕುಶಾಲನಗರಕ್ಕೆ ವಾಪಸು ಹೋಗುತ್ತಾರೆ.

ಕಾನೂನು ಈಚೆಗೆ ಹೊಸದಾಗಿದೆ. ಬ್ರಿಟಿಷರು ಮಾಡಿಟ್ಟ 1920ರ ಪಾಸ್‌ಪೋರ್ಟ್ ಪ್ರವೇಶ ಕಾಯ್ದೆ, 1939ರ ವಿದೇಶಿಯರ ನೋಂದಣಿ ಕಾಯ್ದೆ, 1946ರ ವಿದೇಶಿಯರ ಕಾಯ್ದೆ, ಜೊತೆಗೆ 2000ದ ಇನ್ನೊಂದನ್ನು ಸೇರಿಸಿ, ನಾಲ್ಕನ್ನೂ ತೆಗೆದುಹಾಕಿ ‘ವಲಸೆ ಮತ್ತು ವಿದೇಶಿಯರ ಕಾಯ್ದೆ, 2025’ ಬಂತು. ಅದು 2025ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಎರಡನೆಯ ಮಹಾಯುದ್ಧದ ಭಯದಲ್ಲಿ ಬರೆದ ಕಾನೂನು ಹೋಗಲೇಬೇಕಿತ್ತು, ಅದರಲ್ಲಿ ತಕರಾರಿಲ್ಲ. ದಂಡ ಮಾತ್ರ ಭಾರವಾಗಿದೆ. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿದರೆ ಐದು ವರ್ಷದವರೆಗೆ ಜೈಲು ಅಥವಾ ಐದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ವೀಸಾ ಮುಗಿದ ಮೇಲೂ ಉಳಿದರೆ ಮೂರು ವರ್ಷ, ಮೂರು ಲಕ್ಷ. ನಕಲಿ ದಾಖಲೆಯಾದರೆ ಕನಿಷ್ಠ ಎರಡು ವರ್ಷ, ಗರಿಷ್ಠ ಏಳು. ತಾನು ವಿದೇಶಿಯಲ್ಲ ಎಂದು ಸಾಬೀತು ಮಾಡುವ ಹೊರೆ ಹಳೆಯ ಕಾಯ್ದೆಯಲ್ಲಿದ್ದಂತೆ ಈಗಲೂ ಆ ವ್ಯಕ್ತಿಯ ಮೇಲೆಯೇ. ಬಂಗಾಳಿ ಮಾತಾಡಿದನೆಂಬ ಒಂದೇ ಕಾರಣಕ್ಕೆ ಕಟ್ಟಡ ಕೆಲಸದವನನ್ನು ಅನುಮಾನಿಸುವ ನಮ್ಮ ಊರುಗಳಲ್ಲಿ ಈ ಸಾಲನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಅವನು ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯವನೂ ಆಗಿರಬಹುದು.

ಅವಧಿ ಮೀರಿ ಉಳಿದವರು ಕೊನೆಗೆ ಹೋಗುವ ಜಾಗವೂ ಇಲ್ಲೇ ಹತ್ತಿರದಲ್ಲಿದೆ. ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಒಂದಿತ್ತು. ಹಳ್ಳಿ ಮಕ್ಕಳು ಓದಲು ಕಟ್ಟಿದ ಆ ಕಟ್ಟಡಕ್ಕೆ ಎತ್ತರದ ಗೋಡೆ, ಮುಳ್ಳುತಂತಿ, ಕಾವಲು ಗೋಪುರ ಸೇರಿಸಿ ರಾಜ್ಯದ ಮೊದಲ ವಿದೇಶಿಯರ ಬಂಧನ ಕೇಂದ್ರ ಮಾಡಲಾಯಿತು. 2019ರ ಕೊನೆಯಲ್ಲಿ ಅದು ಸಿದ್ಧವಾದಾಗ ದೇಶದ ಪತ್ರಿಕೆಗಳೆಲ್ಲ ಸೊಂಡೆಕೊಪ್ಪದ ಹೆಸರು ಕಲಿತವು. ಅದು ಜೈಲಲ್ಲ ಎನ್ನುತ್ತಾರೆ. ವಾಪಸು ಕಳುಹಿಸುವ ಕಾಗದ ಸಿದ್ಧವಾಗುವವರೆಗೆ ಇರಿಸಿಕೊಳ್ಳುವ ಸ್ಥಳ. ಆ ಕಾಗದ ಕೊಡಬೇಕಾದದ್ದು ಅವರ ದೇಶದ ರಾಯಭಾರ ಕಚೇರಿ. ಅದು ತಡ ಮಾಡಿದಷ್ಟು ದಿನವೂ ಸೊಂಡೆಕೊಪ್ಪದ ವಾಸ ಬೆಳೆಯುತ್ತದೆ.

ಇಲ್ಲಿಯವರೆಗೆ ಹೊರಗಿನಿಂದ ಬಂದವರ ಮಾತಾಯಿತು. ನನ್ನ ಲೆಕ್ಕದಲ್ಲಿ ಈ ಜಿಲ್ಲೆಯಲ್ಲಿ ಹೆಚ್ಚು ಗೊಂದಲ ಇರುವುದು ಒಳಗಿನಿಂದ ಹೋಗಿ ವಿದೇಶಿಯರಾದವರ ವಿಷಯದಲ್ಲಿ. ಅಂದರೆ ನಮ್ಮ ಮಕ್ಕಳದು. ಮಗ ಅಮೆರಿಕದ ಪಾಸ್‌ಪೋರ್ಟ್ ತೆಗೆದುಕೊಂಡ ಗಳಿಗೆಯಲ್ಲೇ ಭಾರತದ ಪೌರತ್ವ ಹೋಯಿತು. ಹಳೆಯ ಪಾಸ್‌ಪೋರ್ಟನ್ನು ಒಪ್ಪಿಸಬೇಕು, ಇಟ್ಟುಕೊಂಡು ಓಡಾಡಿದರೆ ಅಪರಾಧ. ಅದರ ಬದಲು ಸಿಗುವುದು ಓಸಿಐ ಕಾರ್ಡ್, ಅಂದರೆ ಸಾಗರೋತ್ತರ ಭಾರತೀಯ ಪ್ರಜೆ. 2005ರ ತಿದ್ದುಪಡಿಯಿಂದ ನೆಲೆಯೂರಿದ ಈ ವ್ಯವಸ್ಥೆಯಲ್ಲಿ 2022ರ ಹೊತ್ತಿಗೆ 40 ಲಕ್ಷ ದಾಟಿದ ಕಾರ್ಡುಗಳಿದ್ದವು. ಜೀವನಪೂರ್ತಿ ವೀಸಾ, ಎಷ್ಟು ದಿನ ಇದ್ದರೂ ನೋಂದಣಿ ಬೇಡ, ದುಡಿಯಬಹುದು. ದೇವನಹಳ್ಳಿಯ ವಿಲ್ಲಾಗಳಲ್ಲಿ ಈಗ ಮರಳಿ ಬಂದು ನೆಲೆಸಿರುವ ಬಹಳಷ್ಟು ಕುಟುಂಬಗಳ ಬದುಕು ನಿಂತಿರುವುದು ಈ ನೀಲಿ ಪುಸ್ತಕದ ಮೇಲೆ.

ಹೆಸರಿನಲ್ಲಿ ‘ಪ್ರಜೆ’ ಇದೆ, ಕಾನೂನಿನಲ್ಲಿ ಅವರು ವಿದೇಶಿಯೇ. ಮತದಾನ ಇಲ್ಲ, ಸರ್ಕಾರಿ ಹುದ್ದೆ ಇಲ್ಲ. ಅದಕ್ಕಿಂತ ನೋವಾಗುವುದು ಜಮೀನಿನ ವಿಷಯ. ಕರ್ನಾಟಕ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು 2020ರಲ್ಲಿ ತೆಗೆದ ಮೇಲೆ “ಈಗ ಯಾರು ಬೇಕಾದರೂ ಹೊಲ ತಗೋಬಹುದು” ಎಂಬ ಮಾತು ಊರೆಲ್ಲ ಹಬ್ಬಿತು. ನಂದಿ ಬೆಟ್ಟದ ದಾರಿಯಲ್ಲಿ ‘ಫಾರ್ಮ್ ಪ್ಲಾಟ್’ ಬೋರ್ಡುಗಳು ಸಾಲುಗಟ್ಟಿದವು. ಆದರೆ ಆ ‘ಯಾರು ಬೇಕಾದರೂ’ ಎಂಬುದರಲ್ಲಿ ಓಸಿಐ ಮಗ ಸೇರುವುದಿಲ್ಲ. ಸೈಟು, ಅಪಾರ್ಟ್‌ಮೆಂಟು, ಕನ್ವರ್ಷನ್ ಆದ ಬಡಾವಣೆಯ ಮನೆ ಕೊಳ್ಳಬಹುದು. ಕೃಷಿ ಭೂಮಿ, ತೋಟ, ಫಾರ್ಮ್ ಹೌಸ್ ಕೊಳ್ಳುವಂತಿಲ್ಲ. ಇದು ರಾಜ್ಯದ ಕಾನೂನಲ್ಲ, ಕೇಂದ್ರದ ವಿದೇಶಿ ವಿನಿಮಯ ನಿಯಮ. ಭಾರತೀಯ ಪಾಸ್‌ಪೋರ್ಟ್ ಇಟ್ಟುಕೊಂಡೇ ವಿದೇಶದಲ್ಲಿ ನೆಲೆಸಿದ ಎನ್ಆರ್‌ಐಗೂ ಇದೇ ತಡೆ. ಮೀರಿದರೆ ವ್ಯವಹಾರದ ಮೊತ್ತದ ಮೂರು ಪಟ್ಟಿನವರೆಗೂ ದಂಡ ಬೀಳಬಹುದು. ಬ್ರೋಕರ್ ಇದನ್ನು ಹೇಳುವುದಿಲ್ಲ. ಪಹಣಿಯಲ್ಲಿ ಅದು ಇನ್ನೂ ಖುಷ್ಕಿ ಜಮೀನಾಗಿದ್ದರೂ ಬೋರ್ಡಿನಲ್ಲಿ ‘ಪ್ಲಾಟ್’ ಎಂದಷ್ಟೇ ಬರೆದಿರುತ್ತದೆ.

ಪಿತ್ರಾರ್ಜಿತದ ಮಾತು ಬೇರೆ. ಅಪ್ಪನ ಹೊಲ ಅವರ ನಂತರ ಓಸಿಐ ಮಗನಿಗೆ ಉತ್ತರಾಧಿಕಾರವಾಗಿ ಬರಬಹುದು. ವಂಶವೃಕ್ಷ ಮಾಡಿಸಿ ನಾಡಕಚೇರಿಯಲ್ಲಿ ಪೌತಿ ಖಾತೆಗೆ ಅರ್ಜಿ ಹಾಕುವುದು ಎಲ್ಲರಂತೆಯೇ. ಆದರೆ ಅಪ್ಪ ಬದುಕಿರುವಾಗಲೇ ಪ್ರೀತಿಯಿಂದ ಆ ಹೊಲವನ್ನು ದಾನಪತ್ರ ಮಾಡಿಕೊಡುತ್ತೇನೆ ಎಂದರೆ ನಿಯಮ ಒಪ್ಪುವುದಿಲ್ಲ. ಸತ್ತ ಮೇಲೆ ಸಿಗುವುದು ಬದುಕಿರುವಾಗ ಸಿಗದು. ಮುಂದೆ ಮಗ ಮಾರುವುದಾದರೂ ಇಲ್ಲೇ ವಾಸವಾಗಿರುವ ಭಾರತೀಯ ಪ್ರಜೆಗೇ ಮಾರಬೇಕು. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆಯ ಸ್ವಾಧೀನದ ವಿರುದ್ಧ ರೈತರು ವರ್ಷಗಟ್ಟಲೆ ಕೂತು, 2025ರ ಜುಲೈ 15ರಂದು ಮುಖ್ಯಮಂತ್ರಿ ಅದನ್ನು ಕೈಬಿಟ್ಟೆವೆಂದು ಹೇಳುವಂತೆ ಮಾಡಿದರು. ಹಾಗೆ ಉಳಿಸಿಕೊಂಡ ನೆಲ ನಾಳೆ ಯಾರ ಹೆಸರಿಗೆ ಹೋಗುತ್ತದೆ ಎಂಬ ಪ್ರಶ್ನೆ ಎಷ್ಟೋ ಮನೆಗಳಲ್ಲಿ ಮಗನ ಪಾಸ್‌ಪೋರ್ಟನ್ನು ಅವಲಂಬಿಸಿದೆ.

ಮಕ್ಕಳ ಓದಿನಲ್ಲೂ ಇದೇ ಕಥೆ. ಅಲ್ಲಿ ಹುಟ್ಟಿ ಇಲ್ಲಿ ಬೆಳೆದು, ಕನ್ನಡ ಎರಡನೆಯ ಭಾಷೆಯಾಗಿ ಓದಿದ ಓಸಿಐ ಹುಡುಗಿ ಸಿಇಟಿ ಬರೆದರೆ ಯಾವ ಸೀಟು? ಅವರನ್ನು ಇಲ್ಲಿಯ ಪ್ರಜೆಗಳಂತೆಯೇ ಕಾಣಬೇಕೆಂದು ರಾಜ್ಯದ ಹೈಕೋರ್ಟ್ 2020ರಲ್ಲಿ ಹೇಳಿತು. ಮೂರು ತಿಂಗಳೊಳಗೆ, 2021ರ ಮಾರ್ಚ್ 4ರಂದು, ಕೇಂದ್ರ ಅಧಿಸೂಚನೆ ಹೊರಡಿಸಿ ಅವರಿಗೆ ಎನ್ಆರ್‌ಐ ಸೀಟು ಮಾತ್ರ ಎಂದಿತು. ಅಧಿಸೂಚನೆಗೆ ಮುನ್ನವೇ ಕಾರ್ಡ್ ಪಡೆದವರ ಹಳೆಯ ಹಕ್ಕಿಗೆ ಕುತ್ತು ಬಾರದೆಂದು ಸುಪ್ರೀಂ ಕೋರ್ಟ್ 2023ರ ಫೆಬ್ರುವರಿಯಲ್ಲಿ ಹೇಳಿದ್ದರಿಂದ ಒಂದು ತಲೆಮಾರಿನ ಮಕ್ಕಳು ಬಚಾವಾದರು. ಆಮೇಲೆ ಕಾರ್ಡ್ ಪಡೆದವರ ಅಪ್ಪ ಅಮ್ಮ ಎನ್ಆರ್‌ಐ ಸೀಟಿನ ಶುಲ್ಕ ನೋಡಿ ಈಗಲೇ ಲೆಕ್ಕ ಹಾಕಿಕೊಳ್ಳುವುದು ಮೇಲು.

ವಿದೇಶಿ ಸೊಸೆ, ಅಳಿಯಂದಿರಿಗೂ ಓಸಿಐ ಉಂಟು, ಆದರೆ ಮದುವೆ ನೋಂದಣಿಯಾಗಿ ಎರಡು ವರ್ಷ ನಡೆದಿರಬೇಕು. ಅಲ್ಲಿಯವರೆಗೆ ಪ್ರವೇಶ ವೀಸಾ, ಅಂದರೆ ಮತ್ತೆ 14 ದಿನದ ನೋಂದಣಿ, ಮತ್ತೆ ತಾತನ ಹೆಸರಿನ ಕರೆಂಟು ಬಿಲ್ಲು.

ದೇವನಹಳ್ಳಿಯ ಎರಡನೇ ಟರ್ಮಿನಲ್ಲಿನಲ್ಲಿ ಈಗ ಭಾರತೀಯರಿಗೂ ಓಸಿಐಗಳಿಗೂ ಬೇಗ ಸಾಗುವ ಸಾಲಿದೆ, ಮೊದಲೇ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಂಡರೆ ಗೇಟು ತಾನೇ ತೆರೆಯುತ್ತದೆ. ಉಳಿದ ವಿದೇಶಿಯರು 2025ರ ಅಕ್ಟೋಬರ್ 1ರಿಂದ ಆಗಮನದ ಕಾರ್ಡನ್ನೂ ಆನ್‌ಲೈನಿನಲ್ಲಿ ತುಂಬಿ ಬರುತ್ತಾರೆ. ಆದರೂ ಅಧಿಕಾರಿ ಒತ್ತುವ ಆ ಸಣ್ಣ ಮೊಹರು ಇನ್ನೂ ಹೋಗಿಲ್ಲ. 14 ದಿನ, 90 ದಿನ, 180 ದಿನ, ಯಾವುದನ್ನು ಎಣಿಸುವುದಿದ್ದರೂ ಆರಂಭ ಅಲ್ಲಿಂದಲೇ. ಆದ್ದರಿಂದ ಮಹಡಿ ಮನೆಯವರಲ್ಲಿ ಒಂದು ವಿನಂತಿ: ನಾನ್‌ವೆಜ್ ಮಾತು ಆಮೇಲೆ ಆಡಿ. ಬೀಗದ ಕೈ ಕೊಡುವ ಮುನ್ನ ಪಾಸ್‌ಪೋರ್ಟ್ ತೆರೆಸಿ, ವೀಸಾ ಇರುವ ಪುಟ, ಮೊಹರು ಇರುವ ಪುಟ, ಎರಡರ ಫೋಟೊ ತೆಗೆದುಕೊಳ್ಳಿ. ಅವತ್ತೇ ಸಿ ಫಾರ್ಮ್ ತುಂಬಿ.